ಉಣ್ಣಲು ಹಕ್ಕು, ಮಾರಲು ತಕರಾರು

‘ನನ್ನ ಹೆಂಡತಿ ಜೀವಿತಕಾಲದವರೆಗೆ ಸ್ವತ್ತನ್ನು ಅನುಭವಿಸಿಕೊಂಡು ಹೋಗತಕ್ಕದ್ದು, ಪರಭಾರೆ ಮಾಡುವ ಹಕ್ಕಿರುವುದಿಲ್ಲ, ಆಕೆಯ ಕಾಲಾನಂತರ ಗಂಡುಮಕ್ಕಳಿಗೆ ಸೇರತಕ್ಕದ್ದು.’ ಹಳೆಯ ಉಯಿಲುಗಳಲ್ಲಿ ಇಂಥ ಒಕ್ಕಣೆ ಮಾಮೂಲು. ಬರೆಸಿದ ಯಜಮಾನ, ಮಕ್ಕಳ ಜಗಳ ತಪ್ಪಿಸಿದೆ ಎಂದು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾನೆ. ಜಗಳ ಶುರುವಾಗುವುದೇ ಆಮೇಲೆ.

ಆಂಧ್ರದ ತುಳಸಮ್ಮನವರ ಪ್ರಕರಣ ನೋಡಿ. ಒಟ್ಟು ಕುಟುಂಬದಲ್ಲಿದ್ದ ಅವರ ಪತಿ 1931ರಲ್ಲಿ ತೀರಿಕೊಂಡರು. ಜೀವನಾಂಶಕ್ಕಾಗಿ ಆಕೆ 1944ರಲ್ಲಿ ಪತಿಯ ಮಲಸೋದರ ಶೇಷಾರೆಡ್ಡಿಯವರ ಮೇಲೆ ದಾವೆ ಹೂಡಿದರು. 1949ರ ರಾಜಿಯಲ್ಲಿ ಒಂದಿಷ್ಟು ಆಸ್ತಿ ಸಿಕ್ಕಿತಾದರೂ ಷರತ್ತು ಅದೇ: ಬದುಕಿರುವತನಕ ಅನುಭವಿಸಬಹುದು, ಮಾರುವಂತಿಲ್ಲ. 1961ರಲ್ಲಿ ಆಕೆ ಕೆಲಭಾಗ ಮಾರಿದರು. ಶೇಷಾರೆಡ್ಡಿ ಕೋರ್ಟಿಗೆ ಹೋದರು. 1977ರಲ್ಲಿ ಸುಪ್ರೀಂ ಕೋರ್ಟ್ ತುಳಸಮ್ಮನವರ ಪರ ತೀರ್ಪಿತ್ತಿತು.

ಕಾರಣ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್. ಹೆಣ್ಣಿನ ಸ್ವಾಧೀನದ ಆಸ್ತಿಗೆ ಆಕೆಯೇ ಪೂರ್ಣ ಒಡತಿ ಎನ್ನುತ್ತದೆ ಅದರ ಮೊದಲ ಉಪವಿಧಿ. ಉಯಿಲು, ದಾನ, ಡಿಕ್ರಿಗಳ ಮೂಲಕ ಷರತ್ತಿನೊಡನೆ ಬಂದ ಆಸ್ತಿಗೆ ಷರತ್ತು ಉಳಿಯುತ್ತದೆ ಎನ್ನುತ್ತದೆ ಎರಡನೆಯದು. ತುಳಸಮ್ಮನವರಿಗೆ ಜೀವನಾಂಶದ ಹಕ್ಕು ಮೊದಲೇ ಇತ್ತು. ರಾಜಿಪತ್ರ ಅದನ್ನು ಒಪ್ಪಿಕೊಂಡಿತಷ್ಟೇ. ಹಾಗಾಗಿ ಷರತ್ತು ಬಿದ್ದುಹೋಯಿತು.

ಆದರೆ ಎಲ್ಲ ವಿಧವೆಯರಿಗೂ ಈ ಬಾಗಿಲು ತೆರೆದಿಲ್ಲ. 2006ರ ಸಾಧು ಸಿಂಗ್ ಪ್ರಕರಣದಲ್ಲಿ ಗಂಡ ತನ್ನ ಸ್ವಯಾರ್ಜಿತ ಆಸ್ತಿಯನ್ನು ಉಯಿಲಿನ ಮೂಲಕ ಹೆಂಡತಿಗೆ ಜೀವಮಾನಕ್ಕಷ್ಟೇ ಬಿಟ್ಟಿದ್ದ. ಆಕೆ ಅದನ್ನು ಗುರುದ್ವಾರಕ್ಕೆ ದಾನ ಕೊಟ್ಟರು, ಕೋರ್ಟ್ ಒಪ್ಪಲಿಲ್ಲ. ಈ ಎರಡು ಧಾಟಿಯ ತೀರ್ಪುಗಳ ಗೊಂದಲ ಎಷ್ಟು ಬೆಳೆಯಿತೆಂದರೆ, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವೇ ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಕಾಯ್ದೆ ಬಂದು ಅಷ್ಟರಲ್ಲಿ 68 ವರ್ಷ!

ಕರ್ನಾಟಕದ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಯಜಮಾನ ಉಯಿಲು ಬರೆಯಬಹುದಾದದ್ದು ತನ್ನ ಪಾಲಿಗಷ್ಟೇ. ರಾಜ್ಯದ 1994ರ ತಿದ್ದುಪಡಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ಹೊತ್ತಿಗೆ ತಂದೆ ಬದುಕಿರಬೇಕಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ಇತ್ಯರ್ಥವಾಯಿತು. ‘ತಾಯಿಗೆ ಅನುಭೋಗ, ಆಮೇಲೆ ಗಂಡುಮಕ್ಕಳಿಗೆ’ ಎಂದು ಇಡೀ ಮನೆಯನ್ನೇ ಬರೆದರೂ ಅದರಲ್ಲಿ ಮಗಳ ಪಾಲು ಹಾಗೆಯೇ ಉಳಿದಿರುತ್ತದೆ.

ಉಯಿಲು ಬರೆಸುವವರು ಆಸ್ತಿ ಸ್ವಯಾರ್ಜಿತವೋ ಪಿತ್ರಾರ್ಜಿತವೋ, ಕಂದಾಯ ಕಟ್ಟುವವರು ಯಾರು, ಬಾಡಿಗೆ ಯಾರಿಗೆ ಎಂಬುದನ್ನೂ ಬರೆಸಲಿ. ಕೊಳ್ಳುವವರು ಋಣಭಾರ ಪ್ರಮಾಣಪತ್ರ (ಇ.ಸಿ.) ನೋಡಿ ಸುಮ್ಮನಾಗಬಾರದು, ಉಯಿಲಿಗೆ ನೋಂದಣಿ ಕಡ್ಡಾಯವಲ್ಲದ್ದರಿಂದ ಅದು ಅಲ್ಲಿ ಕಾಣದೇ ಇರಬಹುದು. ಮುಂಗಡ ಕೊಡುವ ಮೊದಲು ಮೂಲಪತ್ರಗಳನ್ನು ವಕೀಲರಿಂದ ಓದಿಸಿ, ಮನೆಯ ಹೆಣ್ಣುಮಕ್ಕಳನ್ನೂ ಮಾತಾಡಿಸಿ.