ನಿಲ್ಲುವುದೂ ಒಂದು ವಿದ್ಯೆ

ಎಪ್ಪತ್ತು ದಾಟಿದ ತಾಯಿ ಬಚ್ಚಲುಮನೆಯಲ್ಲಿ ಜಾರಿದರೆಂಬ ಸುದ್ದಿ ದೂರದ ಊರಿನ ಮಗನಿಗೆ ಮುಟ್ಟುತ್ತದೆ. ಮೂಳೆ ಮುರಿದಿಲ್ಲವೆಂದು ತಿಳಿದೊಡನೆ ಆತ ಮಾಡುವ ಮೊದಲ ಕೆಲಸವೆಂದರೆ, ಯೂಟ್ಯೂಬಿನಲ್ಲಿ ‘ಹಿರಿಯರಿಗೆ ಸಮತೋಲನದ ವ್ಯಾಯಾಮ’ ಎಂದು ಹುಡುಕಿ, ಮೊದಲು ಕಣ್ಣಿಗೆ ಬಿದ್ದ ವಿಡಿಯೋವನ್ನು ತಾಯಿಯ ಮೊಬೈಲಿಗೆ ಕಳುಹಿಸುವುದು. ಮರುದಿನ ಬೆಳಿಗ್ಗೆ ಆ ತಾಯಿ ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದನ್ನು ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಊರಿ, ನುಣುಪಾದ ನೆಲದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲಲು ಹವಣಿಸುತ್ತಾರೆ. ಬೀಳದಿರಲೆಂದು ಕಳುಹಿಸಿದ ಪಾಠವೇ ಬೀಳಿಸುವುದಕ್ಕೆ ಇನ್ನೇನು ಬೇಕು?

ಬೀಳುವುದು ಸಣ್ಣ ಸಂಗತಿಯೆಂದು ಬಗೆದವರು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಗಮನಿಸಬೇಕು. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ಇದಕ್ಕೆ ಎರಡನೆಯ ಸ್ಥಾನ. ಅಂಕಿಗೆ ಸಿಗದ ನಷ್ಟ ಬೇರೆ. ಸೊಂಟದ ಕೀಲಿನ ಬಳಿ ತೊಡೆಯೆಲುಬು ಮುರಿದ ಮೇಲೆ, ಯಾರ ಹಂಗೂ ಇಲ್ಲದೆ ದೇವಸ್ಥಾನಕ್ಕೋ ಸಂತೆಗೋ ಹೋಗಿಬರುವ ಸ್ವಾತಂತ್ರ್ಯ ಅನೇಕರಿಗೆ ಮರಳಿ ಬಾರದು.

ವ್ಯಾಯಾಮದಿಂದ ಇದನ್ನು ತಗ್ಗಿಸಬಹುದೆಂಬುದು ಬರಿಯ ನಂಬಿಕೆಯಲ್ಲ. ಒಟ್ಟು 108 ಪ್ರಯೋಗಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ವ್ಯಾಯಾಮ ಮಾಡಿದ ಹಿರಿಯರಲ್ಲಿ ಬೀಳುವ ಪ್ರಮಾಣ ಶೇಕಡ 23ರಷ್ಟು ಇಳಿಯಿತು. ಆದರೆ ಎಲ್ಲ ವ್ಯಾಯಾಮವೂ ಒಂದೇ ಅಲ್ಲ. ಸಮತೋಲನದ ಅಭ್ಯಾಸ, ಕುಳಿತೇಳುವಂಥ ನಿತ್ಯದ ಚಲನೆಗಳ ಅಭ್ಯಾಸ, ಇವುಗಳ ಫಲ ನಿಚ್ಚಳವಾಗಿ ಕಂಡಿತು. ಬರಿಯ ನಡಿಗೆಯ ವಿಷಯದಲ್ಲಿ ನಿಶ್ಚಿತ ಆಧಾರ ದೊರೆಯಲಿಲ್ಲ. ಉದ್ಯಾನದಲ್ಲಿ ದಿನವೂ ನಾಲ್ಕು ಸುತ್ತು ಹಾಕಿ ನಿಶ್ಚಿಂತರಾಗಿರುವ ಹಿರಿಯರಿಗೆ ಈ ಮಾತು ರುಚಿಸಲಾರದು.

ಮನುಷ್ಯ ನೆಟ್ಟಗೆ ನಿಲ್ಲುವುದು ಮೂರು ಸಾಕ್ಷಿಗಳ ಬಲದಿಂದ: ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳ ಅರಿವು. ವಯಸ್ಸು ಏರಿದಂತೆ ಮೂರೂ ಮಂಕಾಗುತ್ತವೆ. ಮಂಕಾದ ಸಾಕ್ಷಿಗಳನ್ನೇ ನೆಚ್ಚಿ ಮಿದುಳು ಸರಿಯಾದ ತೀರ್ಪು ಕೊಡುವುದನ್ನು ಕಲಿಯಬೇಕಾದರೆ ದೇಹ ಕೊಂಚ ಓಲಾಡಲೇಬೇಕು. ವಿಡಿಯೋಗಳ ಗುಣಪರೀಕ್ಷೆಯಲ್ಲಿ ತೊಡಕು ಇರುವುದು ಇಲ್ಲಿಯೇ. ಕುರ್ಚಿಯಲ್ಲಿ ಕುಳ್ಳಿರಿಸಿ ಕೈ ಬೀಸಿಸುವ ವಿಡಿಯೋದಿಂದ ಅಪಾಯವಿಲ್ಲ. ಆದರೆ ನಿಲ್ಲುವುದನ್ನು ಅದು ಕಲಿಸದು. ದಿಂಬಿನ ಮೇಲೆ ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತು ನಗುವ ಇಪ್ಪತ್ತೈದರ ತರುಣನ ವಿಡಿಯೋ ಓಲಾಡಿಸುತ್ತದೆ, ಬೀಳಿಸಲೂಬಹುದು. ಓಲಾಡಿಸಿಯೂ ಬೀಳಿಸದ ವಿಡಿಯೋ ಯಾವುದೆಂದು ಅರಿಯಲು ಲಕ್ಷಗಟ್ಟಲೆ ನೋಡುಗರ ಸಂಖ್ಯೆಯಾಗಲಿ, ಕಲಿಸುವವರ ಬಿಳಿಯ ಕೋಟಾಗಲಿ ನೆರವಾಗದು.

ವಿದ್ವಾಂಸರ ಬಳಿ ಅಳತೆಗೋಲುಗಳಿಲ್ಲದೆ ಇಲ್ಲ. ಇಂಗ್ಲೆಂಡಿನಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದ ‘ಡಿಸರ್ನ್’ ಎಂಬುದು 16 ಪ್ರಶ್ನೆಗಳ ಪಟ್ಟಿ. ಉದ್ದೇಶ ಸ್ಪಷ್ಟವಾಗಿದೆಯೇ, ಮಾಹಿತಿಯ ಮೂಲವನ್ನು ಹೇಳಿದೆಯೇ, ಅಪಾಯಗಳನ್ನು ವಿವರಿಸಿದೆಯೇ ಎಂದು ಅದು ಕೇಳುತ್ತದೆ. ಒಳ್ಳೆಯ ಪ್ರಶ್ನೆಗಳೇ ಸರಿ. ಆದರೆ ಅದು ಚಿಕಿತ್ಸೆಯ ಕುರಿತ ಬರೆಹಗಳಿಗೆಂದು ಮಾಡಿದ ಕೋಲು. ಸಂಶೋಧಕರು ಅದನ್ನೇ ವಿಡಿಯೋಗಳಿಗೂ ಹಿಡಿಯುತ್ತಾರೆ. ಕಲಿಸುವವರ ಪಾದ ತೆರೆಯ ಮೇಲೆ ಕಾಣುತ್ತದೆಯೇ ಎಂದು ಅದು ಕೇಳದು!

ಪಾದ ಕಾಣದ ವಿಡಿಯೋವನ್ನು ಅಲ್ಲಿಯೇ ಬಿಡುವುದು ಲೇಸು. ಪಾದ ಕಂಡರೆ, ಮುಂದೆ ನೋಡಬೇಕಾದುದು ಕೈ ಎಲ್ಲಿದೆಯೆಂಬುದನ್ನು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ವ್ಯಾಯಾಮಕ್ರಮ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ಒಂಟಿ ಕಾಲಿನ ನಿಲುವು ಆಧಾರ ಹಿಡಿದು 10 ಸೆಕೆಂಡಿನಿಂದ ಆರಂಭ. ಅದು ಕೈಗೂಡಿದ ಮೇಲೆ ಆಧಾರವಿಲ್ಲದೆ 10 ಸೆಕೆಂಡು. ಆ ಬಳಿಕವಷ್ಟೇ 30. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಿಲ್ಲುವುದು, ಪಕ್ಕಕ್ಕೆ ಹೆಜ್ಜೆಯಿಡುವುದು, ಕೈಯೂರದೆ ಕುರ್ಚಿಯಿಂದ ಏಳುವುದು, ಎಲ್ಲದಕ್ಕೂ ಇಂಥದೇ ಮೆಟ್ಟಿಲು. ವಾರಕ್ಕೆ ಮೂರು ದಿನ, ಸುಮಾರು ಅರ್ಧ ಗಂಟೆ. 1,016 ಹಿರಿಯರ ಮೇಲೆ ನಡೆದ ನಾಲ್ಕು ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ ಬೀಳುವುದು ಶೇಕಡ 35ರಷ್ಟು ತಗ್ಗಿದುದು ಕಂಡುಬಂತು. ಆದರೆ ಅಲ್ಲಿ ತರಬೇತಾದವರು ಮನೆಗೇ ಬಂದು, ನೋಡಿ, ಯಾರಿಗೆ ಯಾವ ಮೆಟ್ಟಿಲೆಂದು ಗೊತ್ತುಪಡಿಸುತ್ತಿದ್ದರು.

ವಿಡಿಯೋದ ಗುರುವಿಗೆ ಆ ಕಣ್ಣಿಲ್ಲ. ಕಾಣದ ಶಿಷ್ಯನನ್ನು ಆತ ಎಷ್ಟು ಎಣಿಸಿಕೊಂಡಿದ್ದಾನೆಂಬುದರಲ್ಲಿಯೇ ಆತನ ಯೋಗ್ಯತೆ. ಒಳ್ಳೆಯ ವಿಡಿಯೋ ಮೊದಲಿಗೇ ಕೆಲವರನ್ನು ತಡೆದು ನಿಲ್ಲಿಸುತ್ತದೆ: ತಲೆ ತಿರುಗುವವರು, ಎದ್ದೊಡನೆ ಕಣ್ಣು ಕತ್ತಲೆ ಬರುವವರು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು, ಈಚೆಗೆ ಶಸ್ತ್ರಕ್ರಿಯೆ ಆದವರು ವೈದ್ಯರನ್ನು ಕಂಡು ಬರಲೆಂದು ಹೇಳುತ್ತದೆ. ಪ್ರತಿಯೊಂದು ಭಂಗಿಗೂ ಸುಲಭದ ರೂಪವನ್ನು ಮೊದಲು ತೋರಿಸುತ್ತದೆ, ಯಾವಾಗ ನಿಲ್ಲಿಸಬೇಕೆಂಬುದನ್ನೂ ತಿಳಿಸುತ್ತದೆ. ಹದಿನೈದು ದಿನಗಳಲ್ಲಿ ಊರುಗೋಲು ಎಸೆಯಿರಿ ಎನ್ನುವ ವಿಡಿಯೋವನ್ನಾದರೋ, ಸಂತೆಯ ಮೂಲಿಕೆಯವನ ಮಾತಿಗಿಂತ ಮೇಲೆಂದು ಎಣಿಸಬೇಕಾಗಿಲ್ಲ.

ಉಳಿದುದು ಮನೆಯವರ ಪಾಲಿನ ಕೆಲಸ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಆಧಾರವಲ್ಲ; ವಾಲಿದವರೊಡನೆ ಅದೂ ವಾಲುತ್ತದೆ. ಅಡಿಗೆಮನೆಯ ಕಲ್ಲಿನ ಕಟ್ಟೆ ಅಲುಗದು. ಮೊಬೈಲು ಕೈಯಲ್ಲಿರದೆ ಕಟ್ಟೆಯ ಮೇಲೆ ಡಬ್ಬಿಗೆ ಒರಗಿರಬೇಕು. ಮೊದಲ ಕೆಲವು ದಿನ ಮಗಳೋ ಸೊಸೆಯೋ ನೆರೆಯವರೋ ಪಕ್ಕದಲ್ಲಿ ನಿಂತಿರಬೇಕು. ದೂರದ ಊರಿನ ಮಗ ವಿಡಿಯೋ ಕರೆಯಲ್ಲಿ ಜೊತೆಗೂಡುವುದಾದರೆ, ಪಕ್ಕದಲ್ಲಿ ನಿಂತವರು ತಮ್ಮ ಮೊಬೈಲನ್ನು ತಾಯಿಯ ಪಾದದತ್ತ ತಿರುಗಿಸಿ ಹಿಡಿದರೆ ಸಾಕು. ಮುಖ ನೋಡಿ ಮಾತಾಡುವುದಕ್ಕೆ ಆಮೇಲೆ ಹೊತ್ತಿದ್ದೇ ಇದೆ.