ಮೀನು ಹಿಡಿದು ಬಂದವರಿಗೆ ಜ್ವರ ಬಂದರೆ

ಮುಂಗಾರಿನ ಮೊದಲ ಮಳೆ ಬಿದ್ದು ಹಳ್ಳಗಳಲ್ಲಿ ಕೆಂಪು ನೀರು ಹರಿಯತೊಡಗಿದರೆ ಮಲೆನಾಡಿನಲ್ಲಿ ಹಲವರಿಗೆ ರಾತ್ರಿ ನಿದ್ರೆ ಹತ್ತುವುದಿಲ್ಲ. ಹೊಳೆಯಿಂದ ಗದ್ದೆಗಳ ಕಡೆಗೆ ಮೊಟ್ಟೆಯಿಡಲು ಬರುವ ‘ಹತ್ತು ಮೀನು’ ಹಿಡಿಯಲು ಟಾರ್ಚು, ಕತ್ತಿ ತೆಗೆದುಕೊಂಡು ಹೊರಟುಬಿಡುತ್ತಾರೆ. ಬೇಸಿಗೆಯಲ್ಲಿ ಸೊರಬ, ಸಾಗರದ ಕಡೆ ಕೂಣಿ ಹಿಡಿದು ಕೆರೆಗಿಳಿಯುವ ಕೆರೆಬೇಟೆಯ ಸಂಭ್ರಮ. ಬಯಲುಸೀಮೆಯಲ್ಲಿ ಭಾನುವಾರ ಕೆರೆ ಏರಿಯ ಮೇಲೆ ಗಾಳ ಹಾಕಿ ಕೂರುವವರಿದ್ದಾರೆ. ಇವರಲ್ಲಿ ಅನೇಕರಿಗೆ ಮೀನು ಹಿಡಿಯುವುದು ಕಸುಬಲ್ಲ. ಶಾಲಾ ಮಾಸ್ತರರು, ಬ್ಯಾಂಕಿನವರು, ಕಾಲೇಜು ಹುಡುಗರು. ಮೊಟ್ಟೆ ತುಂಬಿದ ಮೀನನ್ನು ಕಡಿಯುವುದು ಸರಿಯೇ ಎಂಬುದು ಬೇರೆ ಮಾತು. ನನಗಂತೂ ಸರಿ ಕಾಣುವುದಿಲ್ಲ. ನಾನಿಲ್ಲಿ ಹೇಳಹೊರಟಿರುವುದು ಅದಾದ ವಾರ ಹತ್ತು ದಿನಕ್ಕೆ ಬರುವ ಜ್ವರದ ಬಗ್ಗೆ.

ಒಂದು ಮಳೆಗಾಲದಲ್ಲಿ ಮೂವತ್ತರ ಆಸುಪಾಸಿನ ಒಬ್ಬರು ನನ್ನಲ್ಲಿಗೆ ಬಂದರು. ನಾಲ್ಕು ದಿನದಿಂದ ಜ್ವರ, ಔಷಧಿ ಅಂಗಡಿಯ ಮಾತ್ರೆಗೆ ಇಳಿದಿರಲಿಲ್ಲ. ಕಣ್ಣು ಕೆಂಪಾಗಿತ್ತು. ಮೀನಖಂಡ ಮುಟ್ಟಿದರೆ ಕಾಲೆಳೆದುಕೊಳ್ಳುವಷ್ಟು ನೋವು. “ಗದ್ದೆ, ಹಳ್ಳ ಎಲ್ಲಾದರೂ ನೀರಿಗೆ ಇಳಿದಿದ್ದಿರಾ?” ಎಂದು ಕೇಳಿದೆ. “ಇಲ್ಲ ಡಾಕ್ಟ್ರೇ, ನಂದು ಆಫೀಸು ಕೆಲಸ” ಎಂದರು. ಪಕ್ಕದಲ್ಲಿದ್ದ ಅವರ ಪತ್ನಿ, “ಹೋದ ವಾರ ರಾತ್ರಿಯಿಡೀ ಮೀನಿಗೆ ಹೋಗಿದ್ರಲ್ಲ” ಎಂದು ನೆನಪಿಸಿದರು. ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಯಿತು. ಅಂದೇ ಆಸ್ಪತ್ರೆಗೆ ಸೇರಿಸಿದ್ದರಿಂದ ಮೂತ್ರಪಿಂಡಗಳು ಕೆಡುವ ಮೊದಲೇ ಗುಣ ಕಂಡರು.

ಇದು ಇಲಿಜ್ವರ. ವೈದ್ಯಕೀಯದಲ್ಲಿ ಲೆಪ್ಟೊಸ್ಪೈರೋಸಿಸ್ ಎನ್ನುತ್ತಾರೆ. ಇದರ ರೋಗಾಣು ಇಲಿ, ದನ, ನಾಯಿ, ಹಂದಿಗಳ ಮೂತ್ರದಲ್ಲಿ ಹೊರಬಿದ್ದು, ನಿಂತ ನೀರಿನಲ್ಲಿ, ಕೆಸರಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು. ಗಾಳ ತರಚಿದ ಬೆರಳು, ಗಂಟೆಗಟ್ಟಲೆ ನೀರಲ್ಲಿ ನೆನೆದು ಮೆತ್ತಗಾದ ಪಾದ, ಕೆಸರು ಹಾರಿದ ಕಣ್ಣು, ಇಷ್ಟು ಸಾಕು ಒಳಗೆ ಬರಲು. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಕೆಲವೊಮ್ಮೆ ಒಂದು ತಿಂಗಳಾಗುವುದೂ ಉಂಟು. ಚಳಿ, ತಲೆನೋವು, ಕೆಂಪುಕಣ್ಣು, ಸೊಂಟ ಮತ್ತು ಮೀನಖಂಡದ ನೋವು ಮುಖ್ಯ ಲಕ್ಷಣಗಳು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ದಿನ ಹಗುರವಾದಂತೆ ಅನಿಸಿ, ಮತ್ತೆ ಮರುಕಳಿಸುತ್ತದೆ. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು, ಕೆಮ್ಮಿನಲ್ಲಿ ರಕ್ತ ಬರುವುದು ಅಪಾಯದ ಸೂಚನೆ. ಕಾಮಾಲೆ ಎಂದುಕೊಂಡು ಸೊಪ್ಪಿನ ರಸ ಕುಡಿಯುತ್ತಾ ಕೂರುವ ಹೊತ್ತಲ್ಲ ಅದು.

ಇದಕ್ಕೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ, ಅಗ್ಗದ ಔಷಧಿಗಳೇ ಸಾಕು. ಆದರೆ ಬೇಗ ಶುರುವಾಗಬೇಕು. ಮೊದಲ ವಾರ ರಕ್ತದಲ್ಲಿನ ಪ್ರತಿಕಾಯದ ಪರೀಕ್ಷೆಯಲ್ಲಿ ರೋಗ ಕಾಣದೆ ಹೋಗಬಹುದು. ಆಗ ವೈದ್ಯರಿಗೆ ದಾರಿ ತೋರಿಸುವುದು ನಿಮ್ಮ ಬಾಯಿಮಾತು. ಮೀನಿಗೆ ಹೋಗಿದ್ದನ್ನು, ಎಂದು ಹೋಗಿದ್ದೆಂಬುದನ್ನು ತಾವಾಗಿಯೇ ಹೇಳಿ. ಕೆಲವರು ಸಂಕೋಚದಿಂದ, ಇನ್ನು ಕೆಲವರು ಜೊತೆಗಿದ್ದ ‘ಪಾರ್ಟಿ’ಯ ವಿಷಯ ಮನೆಯಲ್ಲಿ ತಿಳಿದೀತೆಂದು ಮುಚ್ಚಿಡುತ್ತಾರೆ. ವಾರಕ್ಕೊಂದು ಡಾಕ್ಸಿಸೈಕ್ಲಿನ್ ನುಂಗಿದರೆ ಇಲಿಜ್ವರ ಬರುವುದಿಲ್ಲವಂತೆ ಎಂದು ಕೇಳುವವರಿದ್ದಾರೆ. ಹೆಚ್ಚು ಅಪಾಯವಿರುವವರಿಗೆ ಹಾಗೆ ಕೊಡುವುದುಂಟು. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಸಲ್ಲದು. ನಿಮ್ಮ ವೈದ್ಯರನ್ನು ಕೇಳದೆ ನುಂಗಬೇಡಿ.

ಇನ್ನು ಗಾಯಗಳು. ಗಾಳದ ತುದಿಯಲ್ಲಿ ಹಿಮ್ಮುಖವಾಗಿ ಒಂದು ಸಣ್ಣ ಮುಳ್ಳಿರುತ್ತದೆ. ಮೀನು ಜಾರದಂತೆ ಹಿಡಿಯುವ ಆ ಮುಳ್ಳು ನಿಮ್ಮ ಬೆರಳನ್ನೂ ಹಾಗೆಯೇ ಹಿಡಿಯುತ್ತದೆ. ಬಂದ ದಾರಿಯಲ್ಲೇ ಎಳೆದರೆ ಮಾಂಸ ಹರಿಯುತ್ತದೆ. ದಾರ ಕತ್ತರಿಸಿ, ಗಾಳ ಅಲುಗದಂತೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಬನ್ನಿ. ಕಣ್ಣಿಗೆ ಚುಚ್ಚಿದ್ದರೆ ಮುಟ್ಟಲೇಬೇಡಿ, ಒತ್ತಲೂ ಬೇಡಿ. ಕಾಗದದ ಲೋಟವನ್ನು ಮೇಲೆ ಮುಚ್ಚಿ ನೇರವಾಗಿ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಗಾಯಕ್ಕೆ ಕಾಫಿಪುಡಿ, ಸುಣ್ಣ ಮೆತ್ತದೆ ಶುದ್ಧ ನೀರು, ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡು 5 ವರ್ಷ ಕಳೆದಿದ್ದರೆ ಮತ್ತೆ ಬೇಕಾಗುತ್ತದೆ. ಕೆರೆನೀರಿನ ಕೆಲವು ರೋಗಾಣುಗಳು ಗಾಯಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳಿಗೆ ಬಗ್ಗುವುದಿಲ್ಲ. ಆದ್ದರಿಂದ ಇಲ್ಲಿಯೂ “ನೀರಿನಲ್ಲಿ ಆದ ಗಾಯ” ಎಂದು ಹೇಳುವುದು ಮುಖ್ಯ. ಮಧುಮೇಹಿಗಳು ಕೆಂಪು, ಬಾವು ಕಾಣುವವರೆಗೆ ಕಾಯಬಾರದು.

ಚೇಳು ಮೀನು, ಮುರುಗೋಡು ಚುಚ್ಚಿದರೆ ತೋಳಿನವರೆಗೂ ಉರಿ ಏರುತ್ತದೆ. ಚರ್ಮ ಸುಡದಷ್ಟು, ತಾಳಬಹುದಾದಷ್ಟು ಬಿಸಿನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಕೈ ಇಟ್ಟರೆ ನೋವು ಇಳಿಯುತ್ತದೆ. ನೋವಿನಲ್ಲಿ ಬಿಸಿ ತಿಳಿಯದು. ನೀರಿನ ಹದವನ್ನು ಇನ್ನೊಬ್ಬರು ನೋಡಲಿ. ಮುಳ್ಳಿನ ತುಂಡು ಒಳಗೆ ಉಳಿದಿದ್ದರೆ ವೈದ್ಯರೇ ತೆಗೆಯಬೇಕು.

ಕೊನೆಯದಾಗಿ, ಹಿಡಿದ ಮೀನನ್ನು ಮನೆಗೆ ತಂದ ಮೇಲಿನ ಮಾತು. ರೋಹು, ಕಾಟ್ಲಾ ಜಾತಿಯ ಮೀನಿನ ಪಿತ್ತಕೋಶವನ್ನು ಹಸಿಯಾಗಿ ನುಂಗಿದರೆ ಸಕ್ಕರೆ ಕಾಯಿಲೆ, ಉಬ್ಬಸ ವಾಸಿಯಾಗುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಪಿತ್ತದಲ್ಲಿರುವ ವಿಷ ಬೇಯಿಸಿದರೂ ಹೋಗುವುದಿಲ್ಲ. ಮೊದಲು ಹೊಟ್ಟೆನೋವು, ವಾಂತಿ, ಭೇದಿ; ಎರಡು ಮೂರು ದಿನಗಳಲ್ಲಿ ಮೂತ್ರ ನಿಂತೇ ಹೋಗಬಹುದು. ಮನೆಯಲ್ಲಿ ಯಾರಾದರೂ ಹಾಗೆ ನುಂಗಿದ್ದರೆ, ವಾಂತಿ ನಿಂತಿತಲ್ಲ ಎಂದು ಸುಮ್ಮನಾಗದೆ ಅದೇ ದಿನ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ಜನರ ಮೂತ್ರಪಿಂಡಗಳು ಕೆಲವು ವಾರಗಳಲ್ಲಿ ಮತ್ತೆ ಕೆಲಸ ಆರಂಭಿಸುತ್ತವೆ.