ಬಿಸಿಎಎ ಡಬ್ಬ ಕೊಳ್ಳೋ ಮುಂಚೆ ಒಂದು ಲೆಕ್ಕ

ಪರ್ತ್‌ನಿಂದ ಗಣಿಗೆ ಹೋಗಿಬರುವವರು, ಬ್ರಿಸ್ಬೇನ್‌ನ ವೇರ್‌ಹೌಸ್‌ಗಳಲ್ಲಿ ರಾತ್ರಿ ಪಾಳಿ ಮಾಡುವವರು, ಅಡಿಲೇಡ್ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಬಗ್ಗಿ ದುಡಿಯುವವರು ಟ್ಯಾಕ್ಸ್ ಸಮಯದಲ್ಲಿ ನನ್ನ ಮುಂದೆ ರಸೀದಿ ಹರಡ್ತಾರೆ. ಅದರಲ್ಲಿ ಬಿಸಿಎಎ ಪೌಡರಿನ ರಸೀದಿಗಳೂ ಇರುತ್ತವೆ. “ಕೆಲಸಕ್ಕೆ ಶಕ್ತಿ ಬೇಕು ಅಂತಾನೇ ಕುಡಿಯೋದು, ಕ್ಲೇಮ್ ಮಾಡಬಹುದಾ ಅಣ್ಣಾ?” ಆಗಲ್ಲ. ಊಟದ ಖರ್ಚಿನ ಹಾಗೆ ಇದೂ ಸ್ವಂತ ಖರ್ಚು ಅನ್ನೋದು ತೆರಿಗೆ ಇಲಾಖೆಯ ನಿಲುವು. ಅಂದರೆ ಡಬ್ಬದ ಪೂರ್ತಿ ದುಡ್ಡು ನಿಮ್ಮ ಜೇಬಿನದೇ. ಆ ದುಡ್ಡಿಗೆ ಏನು ಸಿಗುತ್ತೆ, ನೋಡೋಣ.

ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳ ಸರಪಳಿ. ಅವುಗಳಲ್ಲಿ 9ನ್ನು ನಮ್ಮ ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ಬಿಸಿಎಎ ಡಬ್ಬದಲ್ಲಿ ಇರೋದು 3 ಮಾತ್ರ: ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್. ಲ್ಯೂಸಿನ್ ಒಬ್ಬ ಮೇಸ್ತ್ರಿ ಇದ್ದ ಹಾಗೆ, “ಕೆಲಸ ಶುರು ಮಾಡ್ರಪ್ಪಾ” ಅಂತ ಸ್ನಾಯುವಿಗೆ ಹೇಳುತ್ತೆ. ಇಟ್ಟಿಗೆ, ಮರಳೇ ಬಂದಿಲ್ಲ ಅಂದ್ರೆ ಮೇಸ್ತ್ರಿ ಕೂಗಿ ಏನು ಪ್ರಯೋಜನ? ಉಳಿದ 6 ಇಲ್ಲದೆ ಗೋಡೆ ಏಳೋದಿಲ್ಲ. ಮೈಕೈ ನೋವು ಸ್ವಲ್ಪ ಇಳಿಯಬಹುದು ಅಂತ ಕೆಲವು ಪ್ರಯೋಗಗಳು ಹೇಳುತ್ತವೆ, ನಿಜ. ಆದರೆ ಊಟದಲ್ಲಿ ಪ್ರೋಟೀನ್ ಸಾಕಷ್ಟು ಇರುವವರಿಗೆ ಇದರಿಂದ ಬಲ ಹೆಚ್ಚುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಡಬ್ಬಕ್ಕೆ 60 ಡಾಲರ್, ಅದರಲ್ಲಿ 30 ಸ್ಕೂಪ್ ಅಂದ್ಕೊಳ್ಳಿ. ಸ್ಕೂಪಿಗೆ 2 ಡಾಲರ್, ಸಿಗೋದು 7 ಗ್ರಾಂ. 2 ಲೀಟರ್ ಹಾಲಲ್ಲಿ ಸುಮಾರು 65 ಗ್ರಾಂ ಪ್ರೋಟೀನ್ ಇದೆ, 9 ಅಮೈನೋ ಆಮ್ಲಗಳೂ ಇವೆ. ಡಬ್ಬದಿಂದ ಅಷ್ಟು ಗ್ರಾಂ ಬರಬೇಕಾದರೆ 9 ಸ್ಕೂಪ್, 18 ಡಾಲರ್. ಹಾಲಿನ ರೇಟು ನಿಮಗೇ ಗೊತ್ತಲ್ಲ. ಮೊದಲ ವರ್ಷ ರಾತ್ರಿ ಪಾಳಿಯಲ್ಲಿ ನಾನೂ ಮೂರು ಡಬ್ಬ ಖಾಲಿ ಮಾಡಿದವನೇ. ಬಿಕಾಂ ಓದಿದ್ದರೂ ಆಗ ಈ ಲೆಕ್ಕ ಹೊಳೆಯಲಿಲ್ಲ!

ಇಲ್ಲಿನ ಶಿಫಾರಸಿನ ಪ್ರಕಾರ ವಯಸ್ಕ ಗಂಡಸರಿಗೆ ದಿನಕ್ಕೆ 64 ಗ್ರಾಂ ಪ್ರೋಟೀನ್, ಹೆಂಗಸರಿಗೆ 46. ಜಿಮ್‌ನಲ್ಲಿ ಭಾರ ಎತ್ತುವವರಿಗೆ ಇನ್ನಷ್ಟು ಬೇಕು. ಎರಡು ಮೊಟ್ಟೆಯಲ್ಲಿ 12, ಒಂದು ಲೋಟ ಹಾಲಲ್ಲಿ 8, 50 ಗ್ರಾಂ ತೊಗರಿಬೇಳೆಯಲ್ಲಿ 11, ಅಷ್ಟೇ ಹುರಿಗಡಲೆಯಲ್ಲಿ (ಉತ್ತರ ಕರ್ನಾಟಕದವರ ಪುಟಾಣಿ) ಸುಮಾರು 10. ಅಕ್ಕಿಯಲ್ಲಿ ಲೈಸಿನ್ ಕಮ್ಮಿ, ಬೇಳೆಯಲ್ಲಿ ಮೆಥಿಯೋನಿನ್ ಕಮ್ಮಿ. ಅನ್ನ-ಸಾರು ಕಲಸಿದರೆ ಎರಡೂ ಕೊರತೆ ತುಂಬಿಕೊಳ್ಳುತ್ತೆ. ಬರೀ ಅನ್ನ, ಉಪ್ಪಿನಕಾಯಿ ತಿಂದು ಪಾಳಿಗೆ ಓಡುವವರಿಗೆ ಸುಸ್ತಾಗೋದು ಬಿಸಿಎಎ ಇಲ್ಲದ್ದಕ್ಕಲ್ಲ. ಬ್ರಿಸ್ಬೇನ್ ಸೆಕೆಯಲ್ಲಿ ಬೆವರು ಸುರಿದು ಆಗುವ ಸುಸ್ತಿಗಂತೂ ಬೇಕಾಗಿರೋದು ನೀರು, ಉಪ್ಪು, ವಿಶ್ರಾಂತಿ.

ದುಡ್ಡು ಹೋದರೆ ದುಡಿಯಬಹುದು, ಕೆಲಸ ಹೋದರೆ ಕಷ್ಟ. ಗಣಿಯಲ್ಲಿ ಮೂತ್ರ ಪರೀಕ್ಷೆ ಇರುವವರು ‘ಪ್ರೀ-ವರ್ಕೌಟ್’ ಮಿಶ್ರಣಗಳ ಬಗ್ಗೆ ಹುಷಾರಾಗಿರಿ. ಅಂಥವುಗಳಲ್ಲಿ ಬಳಸುತ್ತಿದ್ದ ಡಿಎಂಎಎ ಅನ್ನೋ ಉತ್ತೇಜಕವನ್ನು ಆಸ್ಟ್ರೇಲಿಯಾ 2012ರಲ್ಲೇ ನಿಷೇಧಿಸಿತು. ಅದು ಪರೀಕ್ಷೆಯಲ್ಲಿ ಆಂಫೆಟಮೈನ್ ಥರ ತೋರಬಹುದು. ಯಾವ ಪದಾರ್ಥ ಎಷ್ಟು ಗ್ರಾಂ ಅಂತ ಬರೆಯದೆ ಬರೀ ‘ಬ್ಲೆಂಡ್’ ಅಂತ ಹಾಕಿರುವ ಡಬ್ಬ, ವಿದೇಶಿ ವೆಬ್‌ಸೈಟಿನಿಂದ ತರಿಸಿದ್ದು, ರೂಮ್‌ಮೇಟ್ ಅರ್ಧ ಬೆಲೆಗೆ ಕೊಟ್ಟದ್ದು, ಇವನ್ನು ಮುಟ್ಟಬೇಡಿ. ಬಲ, ಸ್ನಾಯು ಬೆಳೆಸುತ್ತೆ ಅಂತ ಮಾರುವ ಮಾತ್ರೆ, ಕ್ಯಾಪ್ಸೂಲುಗಳನ್ನು 2023ರ ನವೆಂಬರ್ 30ರಿಂದ ಇಲ್ಲಿ ಔಷಧಿ ಅಂತಲೇ ಪರಿಗಣಿಸುತ್ತಾರೆ. ಲೇಬಲ್ ಮೇಲೆ ‘ಆಸ್ಟ್ ಎಲ್’ ನಂಬರ್ ಇದೆಯಾ ನೋಡಿ.

2017ರಲ್ಲಿ ಪರ್ತ್‌ನ ದಕ್ಷಿಣಕ್ಕಿರುವ ಮ್ಯಾಂಡುರಾದ 25 ವರ್ಷದ ಬಾಡಿಬಿಲ್ಡರ್ ತಾಯಿಯೊಬ್ಬರು ತೀರಿಕೊಂಡರು. ಪ್ರೋಟೀನಿನಿಂದ ಹುಟ್ಟುವ ಅಮೋನಿಯಾವನ್ನು ದೇಹ ಹೊರಹಾಕಲಾರದ ಅಪರೂಪದ ಕಾಯಿಲೆ ಅವರಿಗಿತ್ತು. ಅದು ಗೊತ್ತಿಲ್ಲದೆ ಪ್ರೋಟೀನ್ ಆಹಾರ, ಸಪ್ಲಿಮೆಂಟ್ ಹೆಚ್ಚು ತೆಗೆದುಕೊಳ್ಳುತ್ತಿದ್ದರು. ಅಂಥ ಕಾಯಿಲೆ ಎಲ್ಲರಿಗೂ ಇರಲ್ಲ. ಆದರೆ ಕಿಡ್ನಿ, ಲಿವರ್ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇವನ್ನು ಶುರು ಮಾಡಲೇಬಾರದು.

ಕುಡಿದ ಮೇಲೆ ಎದೆ ಹೊಡೆದುಕೊಂಡರೆ, ತಲೆ ಸುತ್ತಿದರೆ ವಿಷ ಮಾಹಿತಿ ಕೇಂದ್ರಕ್ಕೆ 13 11 26 ಮಾಡಿ, ದಿನದ 24 ಗಂಟೆಯೂ ಸಿಗುತ್ತಾರೆ. ಎದೆನೋವು, ಪ್ರಜ್ಞೆ ತಪ್ಪುವುದು ಆದರೆ ನೇರ 000. ಡಬ್ಬ ಬಿಸಾಡಬೇಡಿ, ಆಸ್ಪತ್ರೆಗೆ ಜೊತೆಯಲ್ಲೇ ತನ್ನಿ.